ಬೋರ್ಡ್ ದಾಟಿ ಬಂದ ಫೋನು

ಜಯಶೀಲಾ ದಿನಾ ಬೆಳಿಗ್ಗೆ ದೇವರ ಮುಂದೆ ದೀಪ ಹಚ್ಚಿ ಹಣೆಗೆ ವಿಭೂತಿ ಇಟ್ಟುಕೊಂಡ ಮೇಲೆ, ಎರಡೂ ಕಿವಿಗೆ ಚೂರು ಮುಟ್ಟಿಸಿಕೊಳ್ಳುತ್ತಾಳೆ. ಅವಳ ಅನ್ನ ಕಿವಿಯಿಂದಲೇ ಬರುವುದು. ನೆಂಟರಿರಲಿ, ಜ್ವರವಿರಲಿ, ಇದೊಂದನ್ನು ತಪ್ಪಿಸಿದವಳಲ್ಲ.

ಬಬ್ಬೂರಿನ ಮನೆಯಲ್ಲೇ ಕೂತು ಅವಳು ಒಂದು ಕಂಪನಿಗೆ ಫೋನಿನಲ್ಲಿ ನರ್ಸ್ ಕೆಲಸ ಮಾಡುತ್ತಾಳೆ. ಬಸುರಿ ಬಾಣಂತಿಯರು ಕೇಳುತ್ತಾರೆ, ಇವಳು ಹೇಳುತ್ತಾಳೆ. ಆದರೆ ಮೊದಲ ಪ್ರಶ್ನೆ ಇವಳದೇ: "ಈಗ ಎಲ್ಲಿದೀರಿ?" ಅವಳ ಹೆಸರು ನೋಂದಣಿಯಾಗಿರುವುದು ಕರ್ನಾಟಕದಲ್ಲಿ ಮಾತ್ರ. ಕರೆ ಮಾಡಿದವರು ಆಂಧ್ರದ ನೆಲದಲ್ಲಿದ್ದರೆ ಸಲಹೆ ಕೊಡಕೂಡದೆಂದು ಕಂಪನಿಯ ಕಟ್ಟಪ್ಪಣೆ. ಮನಸ್ಸು ತಡೆಯದೆ ಒಮ್ಮೆ ಆ ಕಡೆಯವರಿಗೆ ಹೇಳಿಬಿಟ್ಟ ಹೊಸದುರ್ಗದ ನರ್ಸ್ ದಾಕ್ಷಾಯಿಣಿಯ ಕೆಲಸ ಹೋಗಿತ್ತು. ಜಯಶೀಲಾಳ ಗಂಡನಿಗೆ ಲಕ್ವ ಹೊಡೆದಿತ್ತು. ಮನೆ ನಡೆಯುತ್ತಿದ್ದುದು ಇವಳ ಕೆಲಸದಿಂದಲೇ.

ಕುರಿಗಾರರ ಚೌಡೇಶ್ವರಿ ತುಂಬಿದ ಬಸುರಿ. ಮಂದೆ ಎಲ್ಲಿ ನಿಂತರೂ ಅಲ್ಲಿಂದ ಫೋನ್ ಹಚ್ಚುತ್ತಿದ್ದಳು. "ಅಕ್ಕಾ, ಇನ್ಮ್ಯಾಲೆ ಕುರಿ ಕೆಮ್ಮಿದ್ರೂ ನಿಮ್ಗೇ ಹಚ್ತೀನಿ ನೋಡ್ರಿ" ಎಂದು ನಗುತ್ತಿದ್ದಳು. ಮುಖ ನೋಡದಿದ್ದರೂ ಆ ನಗು ಜಯಶೀಲಾಗೆ ಗೊತ್ತಿತ್ತು.

ಒಂದು ಮಧ್ಯಾಹ್ನ ಚೌಡೇಶ್ವರಿಯ ಗಂಡ ಬೋರಣ್ಣನೇ ಫೋನ್ ಮಾಡಿದ. "ಜಯಕ್ಕಾ, ಹೆರಿಗೆ ಆತು. ಹೆಣ್ಣುಕೂಸು. ಇವ್ಳಿಗೆ ರಕ್ತ ನಿಲ್ತಾನೇ ಇಲ್ಲ!"

"ಎಲ್ಲಿದೀರಿ ಬೋರಣ್ಣ?"

"ಧರ್ಮಪುರದಾಚೆ, ಆಂಧ್ರದೋರ ಹೊಲದಾಗೆ ಕುರಿ ತರುಬಿ ನಿಲ್ಸೀವಿ."

ಹೇಳಬೇಕಾದ್ದು ನಾಲಿಗೆಯ ತುದಿಯಲ್ಲಿತ್ತು. ಕರೆ ರೆಕಾರ್ಡ್ ಆಗುತ್ತಿತ್ತು. ಒಳಗೆ ಗಂಡ ಕೆಮ್ಮಿದ. ಎಷ್ಟೋ ಸಲ ಹೇಳಿ ಬಾಯಿಪಾಠವಾದ ಮಾತನ್ನೇ ಅವಳು ಹೇಳಿದಳು: "ಆ ಕಡೆಯ ಕರೆಗೆ ನಾನು ಸಲಹೆ ಕೊಡೋ ಹಂಗಿಲ್ಲ. ಕರ್ನಾಟಕಕ್ಕೆ ಬಂದಾಗ ಫೋನ್ ಮಾಡ್ರಿ. ಈಗ ಬೇಗ 108ಕ್ಕೆ ಹಚ್ರಿ."

ಬೋರಣ್ಣ ಎರಡನ್ನೂ ಮಾಡಿದ. 108ಕ್ಕೆ ಹಚ್ಚಿ ಹೊಲದ ಗುರುತು ಹೇಳಿದ. ಆಮೇಲೆ, ಅಕ್ಕ ಹೇಳಿದ್ದಾಳಲ್ಲ ಎಂದು, ಹೆಂಡತಿಯನ್ನು ಕಂಬಳಿಯಲ್ಲಿ ಸುತ್ತಿ ಹೆಗಲಿಗೆ ಹಾಕಿಕೊಂಡು ಗಡಿಯ ಕಡೆ ನಡೆದ. ಹಿಂದೆ ಅವನ ತಾಯಿ, ತೋಳಲ್ಲಿ ಕೂಸು. ಆಂಬುಲೆನ್ಸ್ ಬಂದಾಗ ಹೊಲದಲ್ಲಿ ಕುರಿ, ನಾಯಿ ಬಿಟ್ಟರೆ ಯಾರೂ ಇರಲಿಲ್ಲ.

ಮತ್ತೆ ಫೋನ್ ಬಂತು. "ಅಕ್ಕಾ, ಕರ್ನಾಟಕದ ಬೋರ್ಡ್ ದಾಟಿ ಬಂದೀವಿ. ಇದು ನಮ್ಮ ನೆಲ. ಈಗ ಹೇಳ್ರಿ."

ಜಯಶೀಲಾ ಒಂದೇ ಉಸಿರಿಗೆ ಹೇಳಿದಳು. ಕಿಬ್ಬೊಟ್ಟೆ ಗಟ್ಟಿಯಾಗಿ ನೀವ್ರಿ, ಕೂಸನ್ನ ಎದೆಗೆ ಹಚ್ರಿ, ಕಾಲು ಎತ್ತರಿಸ್ರಿ.

"ಕೂಸು ಚೀಪ್ತಾ ಐತಕ್ಕಾ. ಇವ್ಳ ಮೈ ತಣ್ಣಗೈತೆ. ನೀವ್ ಹೇಳ್ದಂಗೇ ದಾಟಿದ್ವಲ್ಲ. ಇನ್ನೂ ಜಲ್ದಿ ನಡೀಬೇಕಿತ್ತೇನು?"

ಚೌಡೇಶ್ವರಿಯ ಮಣ್ಣಾದ ಮೇಲೆ ಕಂಪನಿಯ ಮೇಲ್ವಿಚಾರಕಿ ಸುಷ್ಮಿತಾ ಕರೆ ಮಾಡಿದಳು. "ರೆಕಾರ್ಡಿಂಗ್ ಕೇಳಿದ್ವಿ ಜಯಕ್ಕ. ನಿಮ್ಮದೇನೂ ತಪ್ಪಿಲ್ಲ. ಎಷ್ಟು ಪಕ್ಕಾ ಮಾತಾಡಿದೀರಿ ಅಂದ್ರೆ, ಹೊಸ ನರ್ಸ್‌ಗಳಿಗೆ ಅದನ್ನೇ ಕೇಳಿಸ್ತಾ ಇದೀವಿ. ಆಂಧ್ರದ ನೋಂದಣಿನೂ ಕಂಪನಿಯಿಂದಲೇ ಮಾಡಿಸಿಕೊಡ್ತೀವಿ. ಇನ್ಮೇಲೆ ನೀವು ಆ ಕಡೆಯವರಿಗೂ ಹೇಳಬಹುದು."

ಜಯಶೀಲಾ ಕಿವಿಯ ಮೇಲಿನ ವಿಭೂತಿಯನ್ನು ಸೆರಗಿನಿಂದ ಒರೆಸಿಕೊಂಡಳು.

"ನಂಗೆ ಬ್ಯಾಡಮ್ಮ. ಅದನ್ನ ದಾಕ್ಷಾಯಿಣಿಗೆ ಮಾಡಿಸಿಕೊಡ್ರಿ."