ಗಿಡ್ಡ ಬೋಲ್ಟುಗಳು

ರಘು, ನಿನ್ನ ಹೆಂಡತಿ ಸುಮಾ ಅತ್ತಿಗೆಯ ಬೆನ್ನು ಮುರಿದವನು ನಾನು. ನೀನಲ್ಲ. ಆ ಭಾನುವಾರ ಕನಕಪುರ ರಸ್ತೆಯ ಹಂಪಿನ ಮೇಲೆ ನಿನ್ನ ಬೈಕಿನ ಟಾಪ್ ಬಾಕ್ಸ್ ಕಳಚಿ ಅವರು ಹಿಂದಕ್ಕೆ ಬಿದ್ದರಲ್ಲ — ನಾನು ಹಾಕಿದ್ದ ಬೋಲ್ಟುಗಳು ಕಿತ್ತು ಬಂದಿದ್ದವು. ಅವು ಕಿತ್ತು ಬರಬಹುದು ಎಂದು ನನಗೆ ಹೊರಡುವ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ. ಆಮೇಲೆ ಇಷ್ಟು ವರ್ಷ, ನಿನ್ನ ಮನೆಯ ಕಾಫಿ ಕುಡಿಯುತ್ತಾ, ಸುಮ್ಮನಿದ್ದೇ ಬಿಟ್ಟೆ.

ನೀನು ಆ ಟೂರಿಂಗ್ ಬೈಕ್ ತಂದಾಗ ನಿನಗಿಂತ ಹೆಚ್ಚು ಕುಣಿದವನು ನಾನು. ಕಾಲೇಜಿನಿಂದಲೂ ಹಾಗೆಯೇ ತಾನೆ — ಯಾರ ಗಾಡಿಯೇ ಇರಲಿ, ಸ್ಪ್ಯಾನರ್ ಹಿಡಿಯಬೇಕಾದವನು ಈ ಶ್ರೀಧರ. ನಮ್ಮ ರೈಡಿಂಗ್ ಗುಂಪಿನಲ್ಲಿ ಯಾರೂ ಅಂಗಡಿಗೆ ಹೋಗುತ್ತಿರಲಿಲ್ಲ. ಜಯನಗರದ ನಮ್ಮ ಮನೆಯ ಪೋರ್ಟಿಕೋಗೆ ಬರುತ್ತಿದ್ದರು. ಬ್ಯಾಂಕಿನಲ್ಲಿ ವಾರವಿಡೀ ಯಾರೂ ಕೇಳದ ನನ್ನ ಮಾತಿಗೆ ಭಾನುವಾರ ಆ ಪೋರ್ಟಿಕೋದಲ್ಲಿ ಬೆಲೆ ಇತ್ತು. ಗಂಡಸಿಗೆ ಇಷ್ಟು ಸಣ್ಣ ಸಿಂಹಾಸನ ಸಿಕ್ಕರೂ ಸಾಕು, ಇಳಿಯಲು ಮನಸ್ಸಾಗುವುದಿಲ್ಲ.

ನಿನ್ನ ಬೈಕಿಗೆ ಕ್ರ್ಯಾಶ್ ಗಾರ್ಡ್ ಹಾಕಿದೆ, ಫಾಗ್ ಲೈಟ್ ಹಾಕಿದೆ, ಎತ್ತರದ ವಿಂಡ್‌ಶೀಲ್ಡ್ ಹಾಕಿದೆ. ಕೊನೆಗೆ ಉಳಿದದ್ದು ಹಿಂದಿನ ರ್‍ಯಾಕ್, ಅದರ ಮೇಲೆ ಟಾಪ್ ಬಾಕ್ಸ್, ಬಾಕ್ಸಿಗೆ ಅತ್ತಿಗೆ ಒರಗಿಕೊಳ್ಳಲು ಒಂದು ಮೆತ್ತೆ. ಎಲ್ಲ ಮುಗಿದ ಮೇಲೆ ಬನಶಂಕರಿ ಗುಡಿಯಲ್ಲಿ ಪೂಜೆ ಆಗಬೇಕು, ಆಮೇಲೆಯೇ ತಾನು ಹಿಂದೆ ಕೂರುವುದು ಎಂದು ಅತ್ತಿಗೆ ಹೇಳಿದ್ದರು. ಬೇರೆ ಕಡೆ ರಾಹುಕಾಲ ಎಂದರೆ ಜನ ಹೊಸ್ತಿಲು ದಾಟುವುದಿಲ್ಲ. ಬನಶಂಕರಿಯಲ್ಲಿ ಅದೇ ಹೊತ್ತಿಗೆ ನಿಂಬೆಹಣ್ಣಿನ ದೀಪ ಹಚ್ಚಲು ಸಾಲು ನಿಲ್ಲುತ್ತದೆ. ಭಾನುವಾರದ ರಾಹುಕಾಲ ಸಂಜೆಗೆ. ಅತ್ತಿಗೆ ಆಗಲೇ ನಿಂಬೆಹಣ್ಣು ಹೆಚ್ಚಿ, ಸೀರೆ ಉಟ್ಟು, ಗೇಟಿನ ಹತ್ತಿರ ಬಂದು ನಿಂತಿದ್ದರು.

"ಶ್ರೀಧರ್, ರಾಹುಕಾಲ ಮುಗಿಯೋದ್ರೊಳಗೆ ಆಗುತ್ತಾ?" ಎಂದು ಕೇಳಿದರು.

"ಆಗೋಯ್ತು ಅತ್ತಿಗೆ, ಕೊನೇ ಎರಡು ಬೋಲ್ಟು ಅಷ್ಟೇ" ಎಂದೆ.

ಆ ಕೊನೆಯ ಎರಡು ಬೋಲ್ಟುಗಳನ್ನೇ ನಾನು ಹಾಳುಮಾಡಿದ್ದೆ. ಅವಸರದಲ್ಲಿ ಓರೆಯಾಗಿ ತಿರುಗಿಸಿ ಥ್ರೆಡ್ ಕೆಡಿಸಿದ್ದೆ. ರ್‍ಯಾಕಿನ ಜೊತೆ ಬಂದಿದ್ದ ಉದ್ದದ ಬೋಲ್ಟುಗಳು ಅವು, ರ್‍ಯಾಕಿನ ಭಾರವೆಲ್ಲ ಹೊರುವುದು ಅವೆರಡೇ; ರ್‍ಯಾಕಿನ ದಪ್ಪ ದಾಟಿ ಚಾಸಿಯೊಳಗೆ ಇಳಿಯಬೇಕಾದರೆ ಅಷ್ಟು ಉದ್ದ ಬೇಕೇ ಬೇಕು. ಬೈಕಿನದೇ ಹಳೆಯ ಬೋಲ್ಟುಗಳು ತಟ್ಟೆಯಲ್ಲಿ ಬಿದ್ದಿದ್ದವು — ಗಿಡ್ಡವು. ಅವನ್ನೇ ಹಾಕಿ ಬಿಗಿದೆ. ತುದಿ ಮಾತ್ರ ಕಚ್ಚಿತು. ಕೈಗೆ ಗೊತ್ತಾಗುತ್ತದೆ ರಘು, ಎಷ್ಟು ಕಚ್ಚಿದೆ ಎಂದು ಕೈಗೆ ಚೆನ್ನಾಗಿ ಗೊತ್ತಾಗುತ್ತದೆ. ಪೂಜೆ ಮುಗಿಯಲಿ, ನಾಳೆ ಬದಲಾಯಿಸಿದರಾಯಿತು ಎಂದುಕೊಂಡೆ.

ಗುಡಿಯ ಮುಂದೆ ಚಕ್ರದ ಕೆಳಗಿನ ನಿಂಬೆಹಣ್ಣು ಅಪ್ಪಚ್ಚಿಯಾದಾಗ ಗುಂಪಿನವರೆಲ್ಲ ಚಪ್ಪಾಳೆ ತಟ್ಟಿದರು. "ಸಖತ್ ಕೆಲಸ ಮಗಾ, ಶೋರೂಮ್‌ನೋರು ಕೂಡ ಹಿಂಗೆ ಮಾಡಲ್ಲ" ಎಂದ ಒಬ್ಬ. ನಾನು ಬಾಕ್ಸಿನ ಮೇಲೆ ತಟ್ಟಿ, "ಗಾಡಿ ಹೋದ್ರೂ ಇದು ಹೋಗಲ್ಲ ಗುರು" ಎಂದೆ. ಬಾಯಿಗೆ ಬಂದಂತೆ ಆಡುವುದು ಎಂದರೆ ಅದು.

ಮರುದಿನವೇ ಪಕ್ಕದ ಸಿದ್ದಾಪುರದ ಅಂಗಡಿಯಿಂದ ಸರಿಯಾದ ಉದ್ದದ ಬೋಲ್ಟು ತಂದೆ. ತಂದು, ನನ್ನ ಟ್ಯಾಂಕ್ ಬ್ಯಾಗಿನಲ್ಲಿ ಹಾಕಿಟ್ಟೆ. ನಿನಗೆ ಫೋನ್ ಮಾಡಬೇಕಿತ್ತು. ಆದರೆ ಏನೆಂದು ಹೇಳುವುದು? ಅಷ್ಟು ಜನರ ಮುಂದೆ ಹೊಗಳಿಸಿಕೊಂಡು, ಅರ್ಧಂಬರ್ಧ ಕೆಲಸ ಮಾಡಿದ್ದೇನೆ, ಗಾಡಿ ತೆಗೆದುಕೊಂಡು ಬಾ ಎನ್ನುವುದೇ? ಸಿಕ್ಕಾಗ ಯಾರಿಗೂ ಕಾಣದ ಹಾಗೆ ಬದಲಾಯಿಸೋಣ ಎಂದು — ಸಿಕ್ಕಾಗ...

ನೀನು ಸಿಕ್ಕಿದೆ. ಮುಂದಿನ ಭಾನುವಾರ ಬೆಳಿಗ್ಗೆ ಬನಶಂಕರಿ ಬಸ್ ನಿಲ್ದಾಣದ ಹತ್ತಿರ ಎಲ್ಲರೂ ಸೇರಿದೆವು. ಬೋಲ್ಟು, ಸ್ಪ್ಯಾನರ್ ಎರಡೂ ನನ್ನ ಬಳಿಯೇ ಇದ್ದವು. ನಾನು ಬಾಕ್ಸ್ ಹಿಡಿದು ಒಮ್ಮೆ ಅಲ್ಲಾಡಿಸಿದೆ, ಅಲ್ಲಾಡಲಿಲ್ಲ. ಅತ್ತಿಗೆ ಹತ್ತಿ ಕೂತು, ಹಿಂದಕ್ಕೆ ಒರಗಿ, "ಅಯ್ಯೋ, ಸೋಫಾ ಥರ ಇದೆ ಶ್ರೀಧರ್!" ಎಂದು ನಕ್ಕರು. ನಾನೂ ನಕ್ಕೆ. ಎರಡು ಬೋಲ್ಟು ಬದಲಾಯಿಸಲು ಎಷ್ಟು ಹೊತ್ತು ಬೇಕಿತ್ತು? ಎಲ್ಲರೂ ಅಲ್ಲೇ ನಿಂತು ಚಹಾ ಕುಡಿಯುತ್ತಿದ್ದರು. ಚಹಾ ಆರುವುದರೊಳಗೆ ಮುಗಿಯುತ್ತಿತ್ತು.

ಹಾರೋಹಳ್ಳಿ ದಾಟಿದ ಮೇಲೆ ನಾನು ನಿನ್ನ ಹಿಂದೆಯೇ ಇದ್ದೆ. ಹಂಪ್ ಬಂತು. ರ್‍ಯಾಕ್, ಬಾಕ್ಸು, ಅತ್ತಿಗೆ — ಮೂರೂ ಒಟ್ಟಿಗೆ ನನ್ನ ಕಣ್ಣೆದುರೇ ಹಿಂದಕ್ಕೆ ಹೋದವು.

ಕಾರಿನವರೊಬ್ಬರು ನಿಲ್ಲಿಸಿ ನಿಮ್ಮಿಬ್ಬರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. "ನೀನು ಹೋಗು, ಬೈಕ್ ನಾನು ತರ್ತೀನಿ" ಎಂದೆ. ಎಂಥಾ ಸ್ನೇಹಿತ ಎಂದು ನೀನು ಇವತ್ತಿಗೂ ಆ ಮಾತು ನೆನೆಯುತ್ತೀಯ. ನೀವು ಅತ್ತ ಹೋದಮೇಲೆ, ಮುಂದೆ ಹೋಗಿದ್ದ ಗುಂಪಿನವರು ತಿರುಗಿ ಬರುವುದರೊಳಗೆ, ನಾನು ರಸ್ತೆಯಲ್ಲಿ ಬಗ್ಗಿ ಹುಡುಕಿದ್ದು ಆ ಗಿಡ್ಡ ಬೋಲ್ಟುಗಳನ್ನು. ಒಂದು ರಸ್ತೆಯಲ್ಲಿ ಬಿದ್ದಿತ್ತು, ಇನ್ನೊಂದು ರ್‍ಯಾಕಿನ ತೂತಿನಲ್ಲೇ ಸಿಕ್ಕಿಕೊಂಡು ನೇತಾಡುತ್ತಿತ್ತು. ಎರಡನ್ನೂ ಪಕ್ಕದ ಮೋರಿಗೆ ಎಸೆದೆ. ಅತ್ತಿಗೆಯ ಒಂದು ಚಪ್ಪಲಿ ಅಲ್ಲೇ ಬಿದ್ದಿತ್ತು. ಅದನ್ನು ಎತ್ತಿಕೊಳ್ಳಬೇಕು ಎಂದು ನನಗೆ ಹೊಳೆಯಲೇ ಇಲ್ಲ.

ಆಸ್ಪತ್ರೆಯ ವರಾಂಡಾದಲ್ಲಿ ಅತ್ತಿಗೆಯ ಅಮ್ಮ, ಅಣ್ಣ, ನಮ್ಮ ಗುಂಪಿನವರು, ಎಲ್ಲರೂ ಇದ್ದರು. ನೀನು ಗೋಡೆಗೆ ಒರಗಿ, "ಹೆಂಗಾಯ್ತು ಅಂತಾನೇ ಗೊತ್ತಾಗ್ತಿಲ್ಲ ಮಗಾ" ಎಂದು ನನ್ನ ಮುಖವನ್ನೇ ನೋಡಿದೆ. ಆಗ ನಾನು ಆಡಿದೆ ಆ ಮಾತು —

"ಅಷ್ಟು ಸ್ಪೀಡಲ್ಲಿ ಹಂಪ್ ಹಾರಿಸಿದ್ರೆ ಯಾವ ಬೋಲ್ಟ್ ತಡ್ಕೊಳುತ್ತೆ ಗುರು?"

ನೀನು ಹಾರಿಸಿರಲಿಲ್ಲ. ಹಂಪಿಗೆ ಬಹಳ ಮೊದಲೇ ನಿನ್ನ ಬ್ರೇಕ್ ಲೈಟ್ ಹೊತ್ತಿದ್ದನ್ನು ನಾನು ಕಂಡಿದ್ದೆ. ನಿನ್ನ ಹಿಂದೆ ನಾನೂ ಸೆಕೆಂಡ್ ಗೇರಿಗೆ ಬಂದಿದ್ದೆ. ನೀನು ಮಾತ್ರ ನನ್ನ ಮಾತನ್ನು ನಂಬಿದೆ. ನಿನ್ನ ಕೈಯಲ್ಲಿದ್ದ ಬ್ರೇಕನ್ನು ನಂಬಲಿಲ್ಲ. ಅತ್ತಿಗೆಯ ಅಮ್ಮ ನಿನಗೆ ಅಂದ ಮಾತುಗಳನ್ನು ಇಲ್ಲಿ ಬರೆಯಲಾರೆ. ನೀನು ತಲೆ ತಗ್ಗಿಸಿ "ಹೌದು, ನಂದೇ ತಪ್ಪು" ಎಂದೆ. ಆ ಕ್ಷಣ ನನಗೆ ಆದದ್ದೇನು ಗೊತ್ತೇ? ನೆಮ್ಮದಿ. ಥೂ ನನ್ನ ಜನ್ಮಕ್ಕೆ.

ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಇಲ್ಲಿ ಮಾಡಿದವನು ನಾನು, ಉಂಡವನು ನೀನು. ಶಾಲೆಯ ಮೈದಾನದಲ್ಲಿ ಮಕ್ಕಳನ್ನು ಓಡಿಸುತ್ತಿದ್ದ ಪಿ.ಟಿ. ಟೀಚರ್ ಅತ್ತಿಗೆ. ಈಗ ಬೆನ್ನಿಗೆ ಬೆಲ್ಟ್ ಬಿಗಿದುಕೊಂಡು ಅದೇ ಶಾಲೆಯ ಲೈಬ್ರರಿಯಲ್ಲಿ ಕೂರುತ್ತಾರೆ. ನೀನು ಬೈಕ್ ಮಾರಿದೆ. ಮಾರುವ ಮೊದಲು ಎಲ್ಲ ಫಿಟಿಂಗ್ ಬಿಚ್ಚಿಕೊಡಲು ಬಂದವನು ನಾನು — ಅದಕ್ಕೂ ನಿನ್ನಿಂದ ಥ್ಯಾಂಕ್ಸ್ ಹೇಳಿಸಿಕೊಂಡೆ. ಆಮೇಲೆ ನೀನು ಹ್ಯಾಂಡಲ್ ಮುಟ್ಟಲಿಲ್ಲ. ಆಟೋದಲ್ಲಿ ಹಂಪ್ ಬಂದರೆ ಡ್ರೈವರ್‌ಗಿಂತ ಮೊದಲು ನಿನ್ನ ಕಾಲು ಬ್ರೇಕ್ ಒತ್ತುತ್ತದೆ. ಹಾಲು ಉಕ್ಕಿದರೂ ಅತ್ತಿಗೆ ಅನ್ನುವುದು ಒಂದೇ ಮಾತು: "ನಿಮಗೆ ಎಲ್ಲದಕ್ಕೂ ಅವಸರ." ನೀನು ಒಲೆ ಒರೆಸುತ್ತೀಯ. ಅವಸರ ಯಾರದೆಂದು ಗೊತ್ತಿರುವವನು ಪಕ್ಕದ ಕುರ್ಚಿಯಲ್ಲಿ ಬಿಸ್ಕತ್ತು ಅದ್ದಿಕೊಂಡು ತಿನ್ನುತ್ತಿರುತ್ತಾನೆ.

ಹೀಗೆಯೇ ಸಾಯುವವರೆಗೆ ತಿಂದುಕೊಂಡು ಇರುತ್ತಿದ್ದೆನೋ ಏನೋ. ಆದರೆ ಮೊನ್ನೆ ಚಿಕ್ಕಲಸಂದ್ರದ ನಿಮ್ಮ ಮನೆಯಲ್ಲಿ ಮೇಘಾ ಸ್ಕೂಟರ್ ಕಲಿಯುತ್ತೇನೆಂದು ಹಟ ಹಿಡಿದಳಲ್ಲ. ನೀನು ಬೇಡವೆಂದೆ. ಅವಳು ಸಿಟ್ಟಿನಲ್ಲಿ, "ಅಮ್ಮನ್ನ ಬೀಳ್ಸಿದ್ದು ನೀವು ಅಪ್ಪ, ನಾನಲ್ಲ" ಎಂದಳು. ಅತ್ತಿಗೆ ಮಗಳನ್ನು ಗದರಲಿಲ್ಲ. ನೀನು ನನ್ನ ಕಡೆ ಕೈ ತೋರಿಸಿ, "ಸರಿ, ಶ್ರೀಧರನ ಹತ್ರ ಕಲಿ. ನನ್ನ ಥರ ಅಲ್ಲ ಅವನು, ಜವಾಬ್ದಾರಿ ಇರೋ ಮನುಷ್ಯ" ಎಂದೆ.

ಮೇಘಾ ನನ್ನತ್ತ ತಿರುಗಿ, "ಭಾನುವಾರ ಬರ್ತೀರಾ ಅಂಕಲ್?" ಎಂದಳು. ಹೂಂ ಎಂದು ಎದ್ದು ಬಂದೆ.

ಭಾನುವಾರ ಬರುತ್ತೇನೆ ರಘು, ಸ್ಕೂಟರ್ ಕಲಿಸಲು ಅಲ್ಲ. ಅವತ್ತು ಆಸ್ಪತ್ರೆಯಲ್ಲಿದ್ದ ಅತ್ತಿಗೆಯ ಅಮ್ಮ, ಅಣ್ಣ, ನಮ್ಮ ಗುಂಪಿನವರು — ಎಲ್ಲರಿಗೂ ನಿಮ್ಮ ಮನೆಗೆ ಬರಲು ನಾನೇ ಹೇಳಿದ್ದೇನೆ, ಕಾರಣ ಹೇಳಿಲ್ಲ. ಈ ಕಾಗದದಲ್ಲಿ ನಿನ್ನೊಬ್ಬನಿಗೆ ಹೇಳಿ ಮುಗಿಸಿಬಿಟ್ಟರೆ ನೀನು ನನ್ನ ಬೆನ್ನು ತಟ್ಟಿ, "ಬಿಡು ಮಗಾ, ಯಾರಿಗೂ ಹೇಳ್ಬೇಡ" ಎಂದುಬಿಡುತ್ತೀಯ. ಆ ಗುಣ ನಿನಗಿದೆ. ಅದನ್ನೂ ಬಳಸಿಕೊಳ್ಳಲಾರೆ.

ಬಾಗಿಲು ತೆಗೆಯದಿದ್ದರೆ ಮೆಟ್ಟಿಲ ಮೇಲೆ ನಿಂತೇ ಹೇಳುತ್ತೇನೆ, ಅಕ್ಕಪಕ್ಕದವರೂ ಕೇಳಲಿ. ಕ್ಷಮೆ ಕೇಳುವುದಿಲ್ಲ. ನಿನ್ನ ಮಗಳ ಮುಖ ನೋಡಿ ಹೇಳಬೇಕಾದದ್ದು ಇಷ್ಟೇ: "ನಿಮ್ಮಪ್ಪ ಅವತ್ತು ಬ್ರೇಕ್ ಹಿಡಿದಿದ್ರಮ್ಮ. ನಾನು ಹಿಂದೇನೇ ಇದ್ದೆ, ನೋಡಿದೀನಿ."