ಒಂದೇ ಅಳತೆಯ ಹದಿನಾಲ್ಕು ಹಲಗೆ

ನಾನು ಕೆರಾಡಿ ಕಡೆಯ ಮರಗೆಲಸದವನು. ಹಂಚಿನ ಮಾಡು, ಎಂದರೆ ಮನೆಯ ಛಾವಣಿ, ಕಟ್ಟುವುದೇ ನನ್ನ ಅನ್ನ. ಕೋಟದಲ್ಲೊಂದು ಮನೆಯ ಮಾಡಿನಿಂದ ಬಿದ್ದ ದಿನ ಆ ಅನ್ನಕ್ಕೆ ಕಲ್ಲು ಬಿತ್ತು. ಮುರಿದ ಕಾಲು ಮಳೆಗಾಲದೊಳಗೆ ಕೂಡಿಕೊಂಡಿತು, ಧೈರ್ಯ ಕೂಡಲಿಲ್ಲ. ಏಣಿಯ ಮೂರನೇ ಮೆಟ್ಟಿಲಿಗೆ ಅಂಗೈ ಬೆವರಿ ಕಣ್ಣು ಕತ್ತಲಿಡುತ್ತಿತ್ತು. ಇದನ್ನು ಹೆಂಡತಿಗೆ ಮಾತ್ರ ಹೇಳಿದ್ದೆ. ಕೆಲಸಕ್ಕೆ ಕರೆಯಲು ಬಂದವರ ಹತ್ತಿರ ಕಾಲುನೋವು ಎಂದು ಸುಳ್ಳು ಹೇಳಿ, ಮಂಚವೋ ಮಣೆಯೋ ಇದ್ದರೆ ಕೊಡಿ ಎನ್ನುತ್ತಿದ್ದೆ. ಮಾಡು ಹತ್ತದ ಆಚಾರಿ ಎಂಥ ಆಚಾರಿ? ಇನ್ನೊಂದು ವರ್ಷ ಹೀಗೇ ಹೋದರೆ ಜನ ನನ್ನನ್ನು ಮರೆತೇಬಿಡುತ್ತಾರೆ ಎಂಬ ಚಿಂತೆ ಒಳಗೊಳಗೇ ತಿನ್ನುತ್ತಿತ್ತು.

ತೊಂಬತ್ತೆಂಟನೇ ಇಸವಿ ಇರಬೇಕು. ಗಂಗೊಳ್ಳಿಯಿಂದ ಒಬ್ಬ ತಂಡೇಲರು, ಎಂದರೆ ದೋಣಿ ನಡೆಸುವ ಯಜಮಾನರು, ಹೇಳಿಕಳಿಸಿದರು. ಅವರದು ಸರಕು ಸಾಗಿಸುವ ಹಳೆಯ ದೋಣಿ. ಎಂಜಿನ್ ಬಂದಿದ್ದರೂ ಹಾಯಿ ಬಿಟ್ಟಿರಲಿಲ್ಲ. ಹಾಯಿ ಕಟ್ಟುವ ಕೂವೆಮರದ ತಲೆಯಿಂದ ದೋಣಿಯ ಅಂಚಿಗೆ ಬಿಗಿದ ಎರಡು ದಪ್ಪ ಹಗ್ಗಗಳ ನಡುವೆ ಅಡ್ಡಕ್ಕೆ ಮರದ ಮೆಟ್ಟಿಲು ಬೇಕಂತೆ. ಇಷ್ಟು ಕಾಲ ಹಗ್ಗವನ್ನೇ ಕಾಲ್ಬೆರಳಲ್ಲಿ ಹಿಡಿದು ಹತ್ತುತ್ತಿದ್ದರಂತೆ, ಈಗ ಮಂಡಿ ಮಾತು ಕೇಳುವುದಿಲ್ಲವಂತೆ. ಮಾಡಿಕೊಡುವುದಷ್ಟೇ ನನ್ನ ಪಾಲು, ಕಟ್ಟುವವರು ದೋಣಿಯವರೇ ಎಂದುಕೊಂಡು ಒಪ್ಪಿದೆ.

ದಡದಲ್ಲಿ ಕುಳಿತು ಮೂರು ದಿನ ಕೆಲಸ ಮಾಡಿದೆ. ಹೆಬ್ಬಲಸಿನ ಹಲಗೆ ಕೊಯ್ದು, ಅಂಚು ಉರುಟು ಮಾಡಿ, ಎರಡೂ ತುದಿಗೆ ಹಗ್ಗ ಕೂರುವಷ್ಟು ಕಚ್ಚು ಕೊರೆದೆ. ಹದಿನಾಲ್ಕು ಹಲಗೆ, ಕೂದಲೆಳೆ ವ್ಯತ್ಯಾಸವಿಲ್ಲ. ತಂಡೇಲರು ಪಕ್ಕದಲ್ಲೇ ಹರಿದ ಹಾಯಿ ಹೊಲಿಯುತ್ತಾ ಎಲ್ಲವನ್ನೂ ನೋಡುತ್ತಿದ್ದರು, ಒಂದು ಮಾತಿಲ್ಲ. ನನ್ನ ಕೈಕೆಲಸ ಕಂಡು ಬೆರಗಾಗಿದ್ದಾರೆ ಎಂದು ಬೀಗಿದೆ, ಬೆಪ್ಪುತಕ್ಕಡಿ!

ಕಟ್ಟಲು ಹೊರಟಾಗ ಬಣ್ಣ ಬಯಲಾಯಿತು. ಅಡಿಯ ಹಲಗೆ ಸರಿಯಾಗಿ ಕೂತಿತು. ಎರಡನೆಯದು ಮೂರು ಬೆರಳಿನಷ್ಟು ಉದ್ದ ಹೆಚ್ಚಾಯಿತು. ಕೆಳಗೆ ಅಗಲವಾಗಿರುವ ಹಗ್ಗಗಳು ಮೇಲೆ ಹೋದಂತೆ ಹತ್ತಿರವಾಗುತ್ತಾ ಕೂವೆಮರದ ತಲೆಯಲ್ಲಿ ಒಂದಾಗುತ್ತವೆ. ಮನೆ ಏಣಿ ಮಾಡಿ ಮಾಡಿ ಜಡ್ಡುಗಟ್ಟಿದ ತಲೆಗೆ ಅಷ್ಟೂ ಹೊಳೆದಿರಲಿಲ್ಲ.

ಕೆಳಗಿನಿಂದಲೇ ಲೆಕ್ಕ ಹಾಕಿ ಕೊಯ್ಯುತ್ತೇನೆ ಎಂದೆ. ಆಗುವುದಿಲ್ಲ ಎಂದರು ತಂಡೇಲರು. ಒಂದು ಹಲಗೆ ಬಿಗಿದರೆ ಹಗ್ಗ ಜಗ್ಗುತ್ತದೆ, ಮುಂದಿನದರ ಅಳತೆ ಬದಲಾಗುತ್ತದೆ, ನಿಂತಲ್ಲೇ ಅಳೆಯಬೇಕು, ಅದೂ ಕಚ್ಚು ಕೊರೆಯುವವನೇ ಅಳೆಯಬೇಕು. ಹಾವು ಕಚ್ಚಿದವನಿಗೆ ಹಗ್ಗ ಕಂಡರೂ ಹೆದರಿಕೆ ಎನ್ನುತ್ತಾರೆ. ನನ್ನೆದುರಿಗಿದ್ದದ್ದು ನಿಜವಾದ ಹಗ್ಗವೇ. ಹದಿನಾಲ್ಕು ಹಲಗೆ ಕೆಡಿಸಿಟ್ಟು ಓಡಿಹೋಗಲು ಮಾನ ಬಿಡಲಿಲ್ಲ. ನನಗೆ ಹತ್ತಲು ಹೆದರಿಕೆ ಎಂದು ಬಾಯಿಬಿಟ್ಟು ಹೇಳಿದೆ.

ಅವರು ನಗಲಿಲ್ಲ. ಕೂವೆಮರದ ರಾಟೆಯಲ್ಲಿ ಹಾಯಿಸಿದ ಹಗ್ಗವೊಂದನ್ನು ನನ್ನ ಸೊಂಟಕ್ಕೆ ಬಿಗಿದು, ಇನ್ನೊಂದು ತುದಿಯನ್ನು ತಮ್ಮ ಕೈಗೆ ಸುತ್ತಿಕೊಂಡರು.

"ಒಂದ್ ಹಲ್ಗಿ ಕಟ್ಟಿ. ಅದ್ರ್ ಮೇಲ್ ನಿಂತ್ಕಂಡ್ ಇನ್ನೊಂದ್ ಕಟ್ಟಿ. ಮೂರ್ನೇದ್ರ ಚಿಂತಿ ಈಗ್ಳೇ ಎಂತಕೆ?"

ಅಳೆದು ಇಳಿಯುವುದು, ತುದಿ ಕೊಯ್ದು ಹೊಸ ಕಚ್ಚು ಕೊರೆಯುವುದು, ಮತ್ತೆ ಹತ್ತಿ ಹುರಿ ಬಿಗಿಯುವುದು. ಮೊದಲ ದಿನ ಎರಡೇ ಆದದ್ದು. ಮೂರನೆಯದರ ಮೇಲೆ ನಿಂತು ಊರ ದೇವರನ್ನೆಲ್ಲ ಕರೆದೆ. ಆರನೆಯದಕ್ಕೆ ಬರುವಷ್ಟರಲ್ಲಿ, ಹುರಿ ಬೇಗ ಕೊಡಲಿಲ್ಲವೆಂದು ಕೆಳಗಿದ್ದ ತಂಡೇಲರಿಗೇ ಬೈಯುವಷ್ಟು ಉಸಿರು ಬಂದಿತ್ತು. ಕಾಲಡಿಯದು ನಾನೇ ಕೊಯ್ದ ಮರ, ನಾನೇ ಹಾಕಿದ ಗಂಟು. ಅದನ್ನೂ ನಂಬದಿದ್ದರೆ ಹೇಗೆ? ಹದಿನಾಲ್ಕನೆಯದು ಒಂದು ಪಾದವಷ್ಟೇ ಹಿಡಿಯುವ ಗೇಣುದ್ದದ ತುಂಡು. ಅದರ ಮೇಲೆ ನಿಂತಾಗ ಹೊಳೆ ಕಡಲು ಸೇರುವ ಅಳಿವೆ ಬಾಗಿಲು ಕಂಡಿತು, ದಡದ ಮನೆಗಳ ಮಾಡು ಕಂಡಿತು. ಎಷ್ಟು ಹಂಚು ಜರುಗಿವೆಯಪ್ಪಾ ಎಂದು ಎಣಿಸುತ್ತಾ ನಿಂತುಬಿಟ್ಟೆ.

ಮರುವಾರ ಕೋಟದ ಅದೇ ಮನೆಯ ಮಾಡು ಹತ್ತಿದೆ. ಆಮೇಲೆ ಉಪ್ಪುಂದದಿಂದ ಬ್ರಹ್ಮಾವರದವರೆಗೆ ಎಷ್ಟು ಹತ್ತಿದೆನೋ ಲೆಕ್ಕವಿಲ್ಲ. ಮಕ್ಕಳು ಉಂಡದ್ದು, ಓದಿದ್ದು ಎಲ್ಲ ಅದರಲ್ಲೇ.

ಹತ್ತು ಹನ್ನೆರಡು ವರ್ಷ ಕಳೆದ ಮೇಲೆ ತಂಡೇಲರ ಸ್ವಂತ ಮನೆಯ ಹಂಚು ಹೊದಿಸುವ ಕೆಲಸ ನನಗೇ ಬಂತು. ದೋಣಿ ಅಷ್ಟರಲ್ಲಿ ಗುಜರಿಗೆ ಹೋಗಿತ್ತು. ಅವರು ಅಂಗಳದಲ್ಲಿ ಕುರ್ಚಿ ಹಾಕಿ ಕುಳಿತಿದ್ದರು. ಮೇಲಿನಿಂದಲೇ ಕೇಳಿದೆ, ಮೂರು ದಿನ ನಾನು ಒಂದೇ ಅಳತೆಗೆ ಕೊಯ್ಯುವುದನ್ನು ನೋಡುತ್ತಾ ಕುಳಿತಿದ್ದಿರಲ್ಲ, ಒಂದು ಮಾತು ಹೇಳಬಾರದಿತ್ತೇ ಎಂದು.

ಅವರು ಎಲೆಗೆ ಸುಣ್ಣ ಸವರುತ್ತಾ ಹೇಳಿದರು: "ನೀವ್ ಬಿದ್ದ ಸುದ್ದಿ ಆಗ್ಳೇ ಇಲ್ಲಿಗ್ ಬಂದಿತ್ತ್ ಆಚಾರ್ರೇ. ಕೂವೆಮರ ಹತ್ತ್‌ಕ್ ಅಂದ್ ಮೊದ್ಲೇ ಹೇಳಿರೆ, ನೀವ್ ಬತ್ತಿದ್ರ್ಯಾ?"

ಕೈಯಲ್ಲಿದ್ದ ಹಂಚು ಕೈಯಲ್ಲೇ ಉಳಿಯಿತು. ಸಂಜೆ ಕೆಲಸ ಮುಗಿಸಿ ಏಣಿ ಇಳಿದೆ. ಜೀವಮಾನದಲ್ಲಿ ನಾನು ಎರಡು ಸಲ ಬಿದ್ದಿದ್ದೇನೆ. ಮೊದಲನೆಯದು ಕೋಟದ ಮಾಡಿನಿಂದ, ಎರಡನೆಯದು ಆ ಸಂಜೆ ಅವರ ಕಾಲಿಗೆ.