ಅತ್ತೆಯ ತೋಟಕ್ಕೆ ಅಳಿಯನ ತೊಟ್ಟಿ

ಬಸ್ ಡಿಪೋದಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದುದು ‘ಹಾರನ್’ ಎಂದು. ಅವನು ಹಾರನ್ ಒತ್ತಿದ್ದನ್ನು ಯಾರೂ ಕೇಳಿರಲಿಲ್ಲ. ಅದಕ್ಕೇ ಆ ಹೆಸರು. ಕೈಗಾಡಿ ಅಡ್ಡ ಬರಲಿ, ನಡುರಸ್ತೆಯಲ್ಲಿ ಇಬ್ಬರು ಹಳೇ ಗೆಳೆಯರು ಕೈಕುಲುಕುತ್ತಾ ನಿಲ್ಲಲಿ, ಬ್ರೇಕಿನ ಮೇಲೆ ಕಾಲಿಟ್ಟು, ಸ್ಟಿಯರಿಂಗಿಗೆ ಗದ್ದ ಊರಿ ಕಾಯುತ್ತಿದ್ದ. ಹಿಂದಿನಿಂದ ಯಾರಾದರೂ ಗೊಣಗಿದರೆ, “ಅವರ ಮಾತೂ ಮುಗೀಲಿ ಬಿಡಿ, ಪಾಪ” ಎನ್ನುತ್ತಿದ್ದ.

ಇಂಥ ತಾಳ್ಮೆಯವನಿಗೂ ಮನೆಯಲ್ಲಿ ಒಂದು ಕಷ್ಟವಿತ್ತು. ಅವನ ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ಮಗಳಿಗೆ ನೆರವಾಗಲೆಂದು ನಾಲ್ಕು ದಿನಕ್ಕೆ ಬಂದ ಅತ್ತೆ, ಹಿತ್ತಲಿನ ಮಣ್ಣು ಚೆನ್ನಾಗಿದೆ ಎಂದು ಬದನೆ ನೆಟ್ಟರು, ಬದನೆ ಕಾಯಿ ಬಿಡುವವರೆಗೆ ನಿಂತರು, ಆಮೇಲೆ ಟೊಮೇಟೊ ನೆಟ್ಟರು. ಹಾಗೆ ವರ್ಷಗಳೇ ಉರುಳಿದವು. ಇದರಲ್ಲಿ ಅವನಿಗೆ ಬೇಸರವೇನೂ ಇರಲಿಲ್ಲ. ಬೇಸರವೆಂದರೆ, ಅತ್ತೆ ಅವನೊಡನೆ ನೇರವಾಗಿ ಮಾತಾಡುತ್ತಲೇ ಇರಲಿಲ್ಲ. ಜಗಳವಿಲ್ಲ, ಮುನಿಸಿಲ್ಲ, ಬರೀ ಮರ್ಯಾದೆ. ಅವನು ಎದುರಿಗೇ ಕೂತಿದ್ದರೂ, “ಊಟ ಆರ್ತಾ ಇದೆ ಅಂತ ಅವರಿಗೆ ಹೇಳೇ” ಎಂದು ಮಗಳಿಗೆ ಹೇಳುವರು. ಇವನೂ, “ಬಂದೆ ಅಂತ ಅತ್ತೆಯವರಿಗೆ ಹೇಳು” ಎನ್ನುವನು. ನಡುವೆ ಕೂತ ಹೆಂಡತಿ ತಾನು ಟೆಲಿಫೋನ್ ಕಂಬವೋ ಮನುಷ್ಯಳೋ ಎಂದು ನಗುತ್ತಿದ್ದಳು.

ತೋಟ ಬೆಳೆಯಿತು, ಅತ್ತೆಯ ಮಂಡಿ ಸವೆಯಿತು. ಬಚ್ಚಲಿನ ನಲ್ಲಿಯಿಂದ ಬಕೆಟ್ ತುಂಬಿ, ಅಡುಗೆಮನೆ ದಾಟಿ, ಹಿತ್ತಲ ಮೆಟ್ಟಿಲಿಳಿದು ಒಂದೊಂದೇ ಗಿಡಕ್ಕೆ ಎರೆಯುತ್ತಿದ್ದರು. ಅವನು ಬಕೆಟ್ಟಿಗೆ ಕೈ ಹಾಕಿದರೆ, “ಅವರು ದಣಿದು ಬಂದಿರ್ತಾರೆ, ಬೇಡ ಅನ್ನೇ” ಎಂಬ ಮಾತು ಒಳಗಿದ್ದ ಮಗಳಿಗೆ ಹೋಗುತ್ತಿತ್ತು.

ಒಂದು ದಿನ ಅವನು ಗೆಳೆಯನ ಲಾರಿಯಲ್ಲಿ ದೊಡ್ಡದೊಂದು ತೊಟ್ಟಿ ತಂದಿಳಿಸಿದ. ಹಣ್ಣಿನ ರಸದ ಕಾರ್ಖಾನೆಯವರು ಬೇಡವೆಂದು ಬಿಟ್ಟದ್ದು. ಬಿಳೀ ಪ್ಲಾಸ್ಟಿಕ್ಕಿನ ಮೈ, ಸುತ್ತ ಕಬ್ಬಿಣದ ಪಂಜರ, ಮೇಲೆ ತಟ್ಟೆಯಷ್ಟಗಲದ ಮುಚ್ಚಳ, ಬುಡದಲ್ಲಿ ಮುಷ್ಟಿಗಾತ್ರದ ನಲ್ಲಿ. ಎಷ್ಟು ತೊಳೆದರೂ ಕಿತ್ತಳೆ ವಾಸನೆ ಹೋಗಲಿಲ್ಲ. ಬೀದಿಯ ಇರುವೆಗಳೆಲ್ಲ ನೆಂಟಸ್ತಿಕೆ ಹುಡುಕಿಕೊಂಡು ಬಂದವು. ಚಾವಣಿಯ ನೀರು ಇಳಿಯುವ ಕೊಳವೆಯ ಕೆಳಗೆ ಅದನ್ನಿಟ್ಟು ಕಾದ. ಒಂದೇ ಮಳೆಗೆ ಕಂಠಮಟ್ಟ ತುಂಬಿತು. ಕಸ ಬೀಳದಿರಲೆಂದು ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿದ.

ಇನ್ನು ಪೈಪ್ ಸಿಕ್ಕಿಸಿದರಾಯಿತು ಎಂದುಕೊಂಡ. ಆದರೆ ತೊಟ್ಟಿಯ ನಲ್ಲಿಯ ಬಾಯಿ ಮಣಿಕಟ್ಟಿನಷ್ಟು ದಪ್ಪ, ಪೈಪು ಹೆಬ್ಬೆರಳಿನಷ್ಟು. ಆನೆಯ ಬಾಯಿಗೆ ಮಗುವಿನ ಪೀಪಿ ಇಟ್ಟಂತಾಯಿತು. ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿದ, ದಾರ ಬಿಗಿದ. ನೀರು ಪೈಪೊಂದನ್ನು ಬಿಟ್ಟು ಮಿಕ್ಕೆಲ್ಲ ಕಡೆಯಿಂದ ಬಂತು. ಕೊನೆಗೆ, ಬಿಚ್ಚಿಟ್ಟಿದ್ದ ನಲ್ಲಿಯ ಬಾಯಿಮುಚ್ಚಳವನ್ನೇ ಅಳತೆಗೆಂದು ಜೇಬಿಗೆ ಹಾಕಿಕೊಂಡು ಹಾರ್ಡ್‌ವೇರ್ ಅಂಗಡಿಗೆ ಹೋದ.

ಅಂಗಡಿಯಾಕೆ ಅದನ್ನು ಬೆಳಕಿಗೆ ಹಿಡಿದು ನೋಡಿದಳು. “ಇದರ ಥ್ರೆಡ್ಡು ದಪ್ಪ, ನಿಮ್ಮ ಪೈಪು ಸಣ್ಣ. ಎರಡಕ್ಕೂ ಮಧ್ಯಸ್ಥಿಕೆಗೆ ಒಂದು ಬೇಕು” ಎಂದು, ಒಂದು ಕಡೆ ಅಗಲವಾಗಿ ಇನ್ನೊಂದು ಕಡೆ ಮೂತಿಯಾಗಿದ್ದ ಅಡಾಪ್ಟರ್ ಕೊಟ್ಟಳು. ಜೊತೆಗೆ ರಬ್ಬರ್ ವಾಷರ್, ಪೈಪಿಗೆ ಬಿಗಿಯುವ ಸ್ಟೀಲ್ ಕ್ಲಿಪ್. ಮಧ್ಯಸ್ಥಿಕೆ ಎಂಬ ಮಾತಿಗೆ ಅವನಿಗೆ ಹೆಂಡತಿಯ ನೆನಪಾಗಿ ನಗು ಬಂತು.

ಮನೆಗೆ ಬಂದಾಗ ಆಕೆ ಡ್ಯೂಟಿಗೆ ಹೋಗಿದ್ದಳು. ಹಿತ್ತಲಲ್ಲಿ ಅತ್ತೆ ಒಬ್ಬರೇ ಕಳೆ ಕೀಳುತ್ತಿದ್ದರು. ಅವನು ವಾಷರ್ ಕೂರಿಸಿ ಅಡಾಪ್ಟರ್ ತಿರುಗಿಸಿದ. ಬೆಣ್ಣೆಯಲ್ಲಿ ಬೆರಳಿಟ್ಟಂತೆ ಸಲೀಸಾಗಿ ಕೂತಿತು. ಪೈಪು ಮಾತ್ರ ಮೂತಿಗೆ ಏರಲೊಲ್ಲದು. ನೂಕಿದ, ತಿರುಚಿದ, ಮುಖ ಕೆಂಪಾಗುವಂತೆ ಒತ್ತಿದ.

ಅತ್ತೆ ಸ್ವಲ್ಪ ಹೊತ್ತು ನೋಡಿದರು. ನಡುವೆ ಹೇಳಿಕಳಿಸಲು ಮಗಳಿಲ್ಲ. ಬದನೆಗಿಡದ ಕಡೆಗೆ ತಿರುಗಿ, “ಪೈಪಿನ ತುದೀನ ಬಿಸಿನೀರಲ್ಲಿ ಅದ್ದಿದ್ರೆ ಮೆತ್ತಗಾಗುತ್ತೆ ಅಂತ ಯಾರಾದ್ರೂ ಹೇಳಬಾರದಾ” ಎಂದರು.

ಅವನೂ ಟೊಮೇಟೊ ಗಿಡಕ್ಕೆ, “ಬಿಸಿನೀರು ಎಲ್ಲಿದೆಯೋ ಏನೋ” ಎಂದ.

ಅತ್ತೆ ಒಳಗೆ ಹೋಗಿ ಚೊಂಬಿನಲ್ಲಿ ಬಿಸಿನೀರು ತಂದು ಅವನ ಪಕ್ಕದಲ್ಲಿಟ್ಟರು. ಅದ್ದಿದ ಪೈಪು ಮೆತ್ತಗಾಗಿ ಏರಿ ಕೂತಿತು. ಆ ಖುಷಿಯಲ್ಲಿ ಕ್ಲಿಪ್ಪಿನ ಸ್ಕ್ರೂ ಬಿಗಿಯುವುದೇ ಅವನಿಗೆ ಮರೆತುಹೋಯಿತು. ಅತ್ತೆ ಪೈಪಿನ ಇನ್ನೊಂದು ತುದಿಯನ್ನು ಬದನೆಯ ಬುಡಕ್ಕೆ ಹಿಡಿದು, ಆಚೆ ತುದಿಯಲ್ಲಿ ಏನಾಗುತ್ತಿದೆಯೋ ಎಂದು ತೊಟ್ಟಿಯ ಹತ್ತಿರಕ್ಕೇ ಬಗ್ಗಿದ್ದರು. ಇವನು ನಲ್ಲಿಯನ್ನು ಒಮ್ಮೆಲೇ ಪೂರ್ತಿ ತಿರುಗಿಸಿದ.

ಪೈಪು ಕಳಚಿ ಹಾರಿತು. ತುಂಬಿದ ತೊಟ್ಟಿಯ ನೀರು ಅತ್ತೆಯ ಮುಖಕ್ಕೇ ನೇರವಾಗಿ ರಪ್ಪೆಂದು ಬಡಿಯಿತು. ಕನ್ನಡಕ ಟೊಮೇಟೊ ಸಾಲಿಗೆ ಹೋಗಿ ಬಿತ್ತು.

“ಏಯ್, ಮುಚ್ಚೋ ಅದನ್ನ! ತಲೆ ನೆಟ್ಟಗಿದೆಯೇನೋ ನಿಂಗೆ?”

ಅವನು ನಲ್ಲಿ ಮುಚ್ಚಿದ. ಅತ್ತೆ ಒದ್ದೆ ಕೈಯಿಂದಲೇ ಬಾಯಿ ಮುಚ್ಚಿಕೊಂಡರು. ಅಳಿಯನನ್ನು ಏನೋ ಗೀನೋ ಎಂದುಬಿಟ್ಟೆನಲ್ಲ ಎಂಬುದು ಅವರ ಕಣ್ಣಲ್ಲಿತ್ತು. “ಬಾಯಿ ತಪ್ಪಿ ಬಂತು…” ಎಂದು ನೆಲ ನೋಡಿದರು.

ಅವನಿಗೆ ಮಾತ್ರ ಬೇರೆಯೇ ಅನ್ನಿಸಿತ್ತು. ಅವ್ವ ತೀರಿಕೊಂಡ ಮೇಲೆ ಅವನನ್ನು ಹಾಗೆ ಬೈಯುವವರೇ ಇರಲಿಲ್ಲ. ಡಿಪೋದವರು ಗೇಲಿ ಮಾಡುತ್ತಿದ್ದರು, ಪ್ರಯಾಣಿಕರು ಗದರುತ್ತಿದ್ದರು. ಅವರ ಮಾತಿನಲ್ಲಿ ಇಷ್ಟು ಸಲಿಗೆ ಇರಲಿಲ್ಲ. ಕನ್ನಡಕ ಹುಡುಕಿ, ಅಂಗಿಯ ಚುಂಗಿನಿಂದ ಒರೆಸಿ ಕೊಟ್ಟು, “ಹಾಗೇ ಬರಲಿ ಬಿಡಿ ಅತ್ತೆ. ನಂಗೇನೋ ಹಿತವಾಗೇ ಇತ್ತು” ಎಂದ.

ಅತ್ತೆ ಅವನನ್ನು ನೋಡಿದರು. ತಮ್ಮ ಕೂದಲಿಂದ ತೊಟ್ಟಿಕ್ಕುತ್ತಿದ್ದ ನೀರನ್ನು ನೋಡಿಕೊಂಡರು. ಮೊದಲು ಹೆಗಲು ಕುಲುಕಿತು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. “ಕಿತ್ತಳೆ ವಾಸನೆ ಬರ್ತಿದೆ ಕಣೋ ನನ್ನ ಮೈಯೆಲ್ಲ” ಎಂದರು.

ಈ ಸಲ ಕ್ಲಿಪ್ ಬಿಗಿದ. ನೀರು ಪೈಪಿನಲ್ಲೇ ಹರಿಯಿತು. ಆದರೆ ತುಸು ಹೊತ್ತಿಗೆ ಧಾರೆ ದಾರದಷ್ಟಾಗಿ, ಗೊಳಗೊಳ ಎಂದು ನಿಂತುಹೋಯಿತು. ತೊಟ್ಟಿಯ ಪಕ್ಕೆಗಳು ಹಸಿದವನ ಹೊಟ್ಟೆಯಂತೆ ಒಳಗೆ ಸರಿದಿದ್ದವು. ಅವನು ಪೈಪು ಊದಿದ, ಕೊಡವಿದ.

“ಎಣ್ಣೆ ಡಬ್ಬಕ್ಕೆ ಒಂದೇ ತೂತು ಹೊಡೆದ್ರೆ ಎಣ್ಣೆ ಬರುತ್ತೇನೋ? ಗಾಳಿಗೂ ಒಂದು ಬೇಡವಾ? ಮೇಲಿನ ಮುಚ್ಚಳ ಸಡಿಲ ಮಾಡು” ಎಂದರು ಅತ್ತೆ.

ಸಡಿಲಿಸಿದ. ತೊಟ್ಟಿ ಡಬ್ ಎಂದು ಬೆನ್ನು ನೆಟ್ಟಗೆ ಮಾಡಿಕೊಂಡಿತು, ನೀರು ಭರ್ರನೆ ಬಂತು. ಕಸ ಬೀಳದಂತೆ ತಮ್ಮ ಹಳೇ ಸೀರೆಯ ತುಂಡನ್ನು ಬಾಯಿಗೆ ಕಟ್ಟಲು ಅತ್ತೆಯೇ ಕೊಟ್ಟರು.

ಸಂಜೆ ಹೆಂಡತಿ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿರುವಾಗ ಹಿತ್ತಲಿಂದ ಅಮ್ಮನ ದನಿ ಕೇಳಿತು: “ಬೇರಿಗೆ ಬಿಡೋ, ಎಲೆಗಲ್ಲ. ಎಷ್ಟು ಸಲ ಹೇಳೋದು ನಿಂಗೆ?” ಯಾರೋ ಕೂಲಿಯವರು ಬಂದಿರಬೇಕೆಂದು ಆಕೆ ಇಣುಕಿದಳು. ಮಂಡಿಯವರೆಗೆ ಕೆಸರಾದ ಗಂಡ ಹಲ್ಲು ಕಿಸಿಯುತ್ತಾ ನಿಂತಿದ್ದ. ಅಮ್ಮ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತು ಕೈತೋರಿಸಿ ಹೇಳುತ್ತಿದ್ದರು.

“ಏನಮ್ಮಾ ಇದು?” ಎಂದಳು.

“ಆ ಎತ್ತರದ ಸಾಲಿಗೆ ನೀರು ಏರ್ತಿಲ್ಲ ಕಣೇ. ತೊಟ್ಟಿ ಕೆಳಗೆ ಇಟ್ಟಿಗೆ ಕೊಟ್ಟು ಎತ್ತಬೇಕು ಅಂದ್ರೆ, ಬೇಡ, ಸಾಲನ್ನೇ ತಗ್ಗಿಸೋಣ ಅಂತಾನೆ ಇವನು.”

“ತುಂಬಿದ ತೊಟ್ಟಿ ಎತ್ತೋಕೆ ನಾನೇನು ಕ್ರೇನಾ ಅತ್ತೆ?”

“ಖಾಲಿ ಆದ್ಮೇಲೆ ಎತ್ತು.”

“ಖಾಲಿ ಆಗೋದ್ರೊಳಗೆ ಮತ್ತೆ ಮಳೆ ಬಂದ್ರೆ?”

ಮಾತು ಇಬ್ಬರ ನಡುವೆ ಚೆಂಡಿನಂತೆ ಹೋಗಿ ಬರುತ್ತಿತ್ತು. ಹೆಂಡತಿ ಬ್ಯಾಗನ್ನು ಗೋಡೆಯ ಮೊಳೆಗೆ ತಗುಲಿಸಿ, ತನ್ನ ಪಾಡಿಗೆ ತಾನು ಒಂದು ಲೋಟ ಟೀ ಮಾಡಿಕೊಂಡು ಕಿಟಕಿಯ ಬಳಿ ಕೂತು ಕುಡಿದಳು.